ತಪ್ಪಕ್ಕನ ಒಂದೇ ಒಂದು ಸ್ವಂತ ತಪ್ಪು

ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಲಾಂಡ್ರಿಯೊಳಗೆ ಆಗಲೇ ಬಾಯ್ಲರ್ ಬುಸುಗುಡುತ್ತಿದೆ, ಕಿಟಕಿಯ ಗಾಜಿನ ಮೇಲೆ ಹಬೆ ಕೂತು ನೀರಾಗಿ ಇಳಿಯುತ್ತಿದೆ, ಇಸ್ತ್ರಿ ರೋಲರಿನ ಮುಂದೆ ನಿಂತವರ ಮುಖಗಳು ಬೆಂದ ಹಾಗೆ ಕೆಂಪಾಗಿವೆ. ಇದೆಲ್ಲದರ ನಡುವೆ ಮ್ಯಾನೇಜರ್ ಕೂಗಾಡುತ್ತಿದ್ದಾರೆ. ಹೋಟೆಲಿಗೆ ಹೋಗಬೇಕಾದ ಮೇಜಿನ ಬಟ್ಟೆಗಳು ಆಸ್ಪತ್ರೆಗೆ ಹೋಗಿವೆ. ಆಸ್ಪತ್ರೆಯ ರೋಗಿಗಳು ತೊಡುವ, ಬೆನ್ನ ಹಿಂದೆ ದಾರ ಕಟ್ಟುವ ಅಂಗಿಗಳು ಹೋಟೆಲಿಗೆ ಹೋಗಿವೆ. ಇನ್ನು ಸ್ವಲ್ಪ ಹೊತ್ತಿಗೆ ಹೋಟೆಲಿನಲ್ಲಿ ಜನ ತಿಂಡಿಗೆ ಬಂದು ಕೂರುತ್ತಾರೆ, ಮೇಜುಗಳು ಬರಿಮೈಯಲ್ಲಿ ನಿಂತಿವೆ.

ಬಟ್ಟೆ ತೂಗುವ ಯಂತ್ರದ ಕಟ್ಟೆಯ ಮೇಲೆ ನಿಂತು ಮಾತಾಡುವುದು ಈ ಮ್ಯಾನೇಜರರ ವಾಡಿಕೆ. ಅಲ್ಲಿಂದ ಎಲ್ಲರೂ ಕಾಣುತ್ತಾರಂತೆ. ಅವರಿಗೆ ಕಾಣದಿರುವುದು ತಮ್ಮ ಬೆನ್ನ ಹಿಂದಿನ, ತೂಕ ತೋರಿಸುವ ದೊಡ್ಡ ಮುಳ್ಳೊಂದೇ. ಸಿಟ್ಟು ಏರಿ ಅವರು ಕಾಲು ಕುಟ್ಟಿದಂತೆಲ್ಲ ಆ ಮುಳ್ಳು ಕುಣಿಯುತ್ತದೆ. ಕೆಲಸದವರು ಅವರ ಮುಖ ನೋಡುವುದಿಲ್ಲ, ಮುಳ್ಳನ್ನೇ ನೋಡಿ ಇನ್ನೆಷ್ಟು ಹೊತ್ತು ಬೈಗುಳವಿದೆ ಎಂದು ಅಂದಾಜು ಮಾಡುತ್ತಾರೆ.

"ಯಾರು ಕಳಿಸಿದ್ದು? ಮೊದಲು ಅದು ಗೊತ್ತಾಗ್ಬೇಕು. ಆಮೇಲೇ ಮುಂದಿನ ಮಾತು."

ಗಾಡಿ ತುಂಬಿದವರು ವ್ಯಾನ್ ಡ್ರೈವರ್ ಕಡೆ ಬೆರಳು ತೋರಿಸುತ್ತಾರೆ. ಡ್ರೈವರ್ ಬಟ್ಟೆಗಂಟುಗಳಿಗೆ ವಿಳಾಸದ ಚೀಟಿ ಕಟ್ಟಿದವಳ ಕಡೆ ತೋರಿಸುತ್ತಾನೆ. ಚೀಟಿ ಕಟ್ಟಿದವಳು ಮಿಣುಕುವ ಟ್ಯೂಬ್‌ಲೈಟಿನ ಕಡೆ ತೋರಿಸುತ್ತಾಳೆ. ಟ್ಯೂಬ್‌ಲೈಟು ಎಲೆಕ್ಟ್ರಿಷಿಯನ್ನನಿಗೆ ಸೇರಿದ್ದು, ಅವನು ಇನ್ನೂ ಬಂದಿಲ್ಲ. ಹಾಗಾಗಿ ತಪ್ಪು ಕೆಲ ಹೊತ್ತು ಅವನ ತಲೆಯ ಮೇಲೆ ಹಾಯಾಗಿ ಕೂರುತ್ತದೆ. ಅಷ್ಟರಲ್ಲಿ ಅವನೇ ಬಾಗಿಲಲ್ಲಿ ಪ್ರತ್ಯಕ್ಷ. ಮತ್ತೆ ಮೊದಲಿನಿಂದ ಶುರು. ಹೋಟೆಲಿನಿಂದ ಫೋನು ಬಡಿದುಕೊಳ್ಳುತ್ತಿದೆ, ಯಾರೂ ಎತ್ತುವುದಿಲ್ಲ.

ಆಗ ಕೊಳೆ ಬಟ್ಟೆಯ ದೊಡ್ಡ ರಾಶಿಯ ಹಿಂದಿನಿಂದ ಒಬ್ಬ ಹೆಂಗಸು ಏಳುತ್ತಾರೆ. ಗಿಡ್ಡ ಆಳು, ದುಂಡು ಮುಖ, ಮೊಣಕೈವರೆಗೆ ರಬ್ಬರ್ ಗವಸು. "ಸಾರ್, ತಪ್ಪು ನಂದೇ," ಎನ್ನುತ್ತಾರೆ.

ಇಡೀ ಲಾಂಡ್ರಿ ಒಟ್ಟಿಗೆ ಉಸಿರು ಬಿಡುತ್ತದೆ. "ನೀವಾ? ಸರಿ ಸರಿ. ಇನ್ಮೇಲೆ ನೋಡ್ಕೊಂಡು ಮಾಡಿ," ಎಂದು ಮ್ಯಾನೇಜರ್ ಕಟ್ಟೆಯಿಂದ ಇಳಿಯುತ್ತಾರೆ. ಮುಳ್ಳು ಸೊನ್ನೆಗೆ ಬರುತ್ತದೆ. ಡ್ರೈವರ್ ವ್ಯಾನಿನ ಕಡೆ ಓಡುತ್ತಾನೆ, ಒಬ್ಬರು ಫೋನ್ ಎತ್ತುತ್ತಾರೆ, ಇನ್ನಿಬ್ಬರು ಗೋದಾಮಿನಿಂದ ಹೆಚ್ಚುವರಿ ಮೇಜುಬಟ್ಟೆ ಎಳೆದು ತರುತ್ತಾರೆ. ಹೋಟೆಲಿನ ಮೇಜುಗಳ ಮಾನ ಉಳಿಯುತ್ತದೆ.

ಇದರಲ್ಲಿ ಒಂದೇ ಒಂದು ತೊಡಕು. ಆ ಗಾಡಿ ತುಂಬಿದ್ದು ನಿನ್ನೆ. ನಿನ್ನೆ ಈ ಹೆಂಗಸಿಗೆ ವಾರದ ರಜೆ. ಇದು ಡ್ರೈವರಿಗೂ ಗೊತ್ತು, ಚೀಟಿಯವಳಿಗೂ ಗೊತ್ತು, ರಜೆ ಕೊಟ್ಟ ಮ್ಯಾನೇಜರಿಗಂತೂ ಚೆನ್ನಾಗಿ ಗೊತ್ತು.

ಲಾಂಡ್ರಿಯಲ್ಲಿ ಅವರನ್ನು ಎಲ್ಲರೂ ಕರೆಯುವುದು ತಪ್ಪಕ್ಕ ಎಂದು. ಅವರ ನಿಜವಾದ ಹೆಸರು ಬಾಯ್ಲರ್ ನೋಡಿಕೊಳ್ಳುವ ತಾತನಿಗೂ ನೆನಪಿಲ್ಲ, ಆತನಿಗೋ ಈ ಕಟ್ಟಡದ ಇಟ್ಟಿಗೆಗಳ ಪರಿಚಯವೂ ಇದೆ. ಎಲೆಮರೆಯ ಕಾಯಿಗಳನ್ನು ಹುಡುಕಿ ಪತ್ರಿಕೆಗೆ ಬರೆಯುವ ಹೊಟ್ಟೆಪಾಡು ನನ್ನದು. ಮರ ಹತ್ತಿದವರು, ಬಾವಿ ಇಳಿದವರು, ಹಾವು ಹಿಡಿದವರು ಎಲ್ಲರ ಬಗ್ಗೆಯೂ ಬರೆದಾಗಿದೆ. ಊರವರ ತಪ್ಪುಗಳನ್ನೆಲ್ಲ ತನ್ನ ಮೈಮೇಲೆ ಎಳೆದುಕೊಂಡು, ಬೈಸಿಕೊಂಡು, ಮತ್ತೆ ಬಟ್ಟೆ ರಾಶಿಗೆ ಮರಳುವವರು ಸಿಕ್ಕಿದ್ದು ಇದೇ ಮೊದಲು.

ಅವರ ನಿಜವಾದ ಕೆಲಸ ಬಟ್ಟೆ ಬೇರ್ಪಡಿಸುವುದು. ದಿನಕ್ಕೆ ಎರಡು ಸಾವಿರದಷ್ಟು ಬೆಡ್‌ಶೀಟುಗಳು, ಅದಕ್ಕೆ ತಕ್ಕಷ್ಟು ದಿಂಬಿನ ಚೀಲಗಳು, ಟವೆಲುಗಳು ಅವರ ಮೇಜಿನ ಮೇಲೆ ಬಂದು ಬೀಳುತ್ತವೆ. ಬಿಳಿಯದು ಒಂದು ಕಡೆ, ಬಣ್ಣದ್ದು ಇನ್ನೊಂದು ಕಡೆ. ಹೋಟೆಲಿನದು ಇಲ್ಲಿ, ಆಸ್ಪತ್ರೆಯದು ಅಲ್ಲಿ. ಒಂದೊಂದನ್ನೂ ಕೊಡವಿ ನೋಡಬೇಕು. ಕೊಡವಿದಾಗ ಚಮಚ ಬೀಳುತ್ತದೆ, ಕನ್ನಡಕ ಬೀಳುತ್ತದೆ, ಪ್ರೇಮಪತ್ರ ಬೀಳುತ್ತದೆ. ಒಮ್ಮೆ ಹಲ್ಲಿನ ಸೆಟ್ ಬಿದ್ದಿತ್ತಂತೆ. "ಅದರ ಯಜಮಾನ್ರು ಬಂದು ಕೇಳಿದ್ರು. ಏನು ಕೇಳಿದ್ರು ಅಂತ ಅರ್ಥ ಆಗ್ಲಿಲ್ಲ, ಹಲ್ಲಿರಲಿಲ್ಲ ನೋಡಿ. ಹಾಕ್ಕೊಂಡ ಮೇಲೆ ಥ್ಯಾಂಕ್ಸ್ ಅಂದ್ರು," ಎಂದು ತಪ್ಪಕ್ಕ ನಗುತ್ತಾರೆ.

ಲಾಂಡ್ರಿಗೆ ಸೇರುವ ಮೊದಲು ಅವರು ಗಂಡನ ಟೈಲರ್ ಅಂಗಡಿಯಲ್ಲಿ ಕೂತು ಕಾಜಾ ಮಾಡುತ್ತಿದ್ದರು, ಗುಂಡಿ ಹಚ್ಚುತ್ತಿದ್ದರು. ಜನ ಸಿದ್ಧ ಉಡುಪು ಕೊಳ್ಳಲು ಶುರುಮಾಡಿದ ಮೇಲೆ ಅಂಗಡಿಯಲ್ಲಿ ಒಬ್ಬರಿಗೇ ಕೆಲಸ ಸಾಲದಾಯಿತು. ಉದ್ದದ ಪ್ಯಾಂಟನ್ನು ಗಿಡ್ಡ ಮಾಡುವುದು, ಬಿಗಿಯಾದ ಸೊಂಟ ಬಿಚ್ಚುವುದು, ಇಷ್ಟೇ. ಗಂಡ ಅಂಗಡಿಯಲ್ಲಿ ಉಳಿದರು, ಹೆಂಡತಿ ಎರಡು ಬೀದಿ ಆಚೆಯ ಲಾಂಡ್ರಿಗೆ ಬಂದರು. ನಿಂತೇ ಮಾಡುವ ಕೆಲಸ. ಸೊಂಟ ಹಿಡಿದುಕೊಂಡಿದ್ದು ಮೊದಲ ವರ್ಷವೇ, ಇವತ್ತಿಗೂ ಬಿಟ್ಟಿಲ್ಲ.

ತಪ್ಪು ಒಪ್ಪಿಕೊಳ್ಳುವ ಕಸುಬು ಶುರುವಾದ ಕಥೆಯನ್ನು ಅವರ ಬಾಯಲ್ಲೇ ಕೇಳಬೇಕು.

"ಸೇರಿದ ಹೊಸದ್ರಲ್ಲಿ ಒಂದಿನ ಯಾರೋ ಮಷೀನಿಂದು ನೀರು ಹೋಗೋ ಕೊಳಾಯಿ ಮುಚ್ಚೋದು ಮರೆತುಬಿಟ್ರು. ನೆಲದ ತುಂಬ ನೀರು. ಆಗಿದ್ದ ಮ್ಯಾನೇಜರ್ರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಯಾರು ಮಾಡಿದ್ದು, ಯಾರು ಮಾಡಿದ್ದು ಅಂತ ಶುರು ಹಚ್ಕೊಂಡ್ರು. ನೀರು ಪಾದಕ್ಕೆ ಬಂತು, ಆಮೇಲೆ ಹಿಮ್ಮಡಿ ಮೇಲೆ ಬಂತು. ಕೊಳಾಯಿ ಇಲ್ಲೇ ಇದೆ, ಒಬ್ರು ಹೋಗಿ ತಿರುಗಿಸಿದ್ರೆ ಮುಗೀತು. ಆದ್ರೆ ತಿರುಗಿಸಕ್ಕೆ ಹೋದವರೇ ಮಾಡಿದವರು ಅಂತ ಆಗಿಬಿಡುತ್ತಲ್ಲ! ಅದಕ್ಕೆ ಒಬ್ರೂ ಅಲ್ಲಾಡ್ತಿಲ್ಲ. ನನಗೋ ಬಸ್ಸಿಗೆ ಹೊತ್ತಾಗಿತ್ತು, ಮನೇಲಿ ಮಗಳಿಗೆ ಜ್ವರ. ನಾನೇ ಸಾರ್ ಮಾಡಿದ್ದು ಅಂದುಬಿಟ್ಟೆ. ತಕ್ಷಣ ನಾಲ್ಕು ಜನ ಓಡಿಹೋಗಿ ಕೊಳಾಯಿ ಮುಚ್ಚಿದ್ರು. ನನಗೆ ಬಸ್ಸು ಸಿಕ್ತು."

ಮಗಳು ಈಗ ಬೇರೆ ಊರಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಆ ಬಸ್ಸು ನಿಂತುಹೋಗಿದೆ. ತಪ್ಪು ಒಪ್ಪಿಕೊಳ್ಳುವುದು ಮಾತ್ರ ನಿಂತಿಲ್ಲ, ಏಕೆಂದರೆ ಮ್ಯಾನೇಜರ್‌ಗಳು ಬದಲಾದರೂ ಮೊದಲ ಪ್ರಶ್ನೆ ಬದಲಾಗಲಿಲ್ಲ. ಏನೇ ಎಡವಟ್ಟಾದರೂ ಇಲ್ಲಿ 'ಕಾರಣ ಸಭೆ' ಎಂದು ಒಂದು ನಡೆಯುತ್ತದೆ. ಹೆಸರು ಕಾರಣ ಸಭೆ, ಹುಡುಕುವುದು ಮಾತ್ರ ಆಸಾಮಿಯನ್ನು. ಯಾರು ಎಂಬುದು ತೀರ್ಮಾನವಾಗದೆ ಏನು ಮಾಡಬೇಕು ಎಂಬ ಮಾತಿಗೆ ಬರುವ ಹಾಗಿಲ್ಲ. ಹೆಡ್ಡಾಫೀಸಿಗೆ ಹೋಗುವ ವರದಿಯ ಮೊದಲ ಸಾಲೂ ಅದೇ ಅಂತೆ.

ನಗಬೇಡಿ. ನಮ್ಮ ಪತ್ರಿಕಾ ಕಚೇರಿಯಲ್ಲೂ ಒಮ್ಮೆ ಗಣ್ಯರೊಬ್ಬರ ಫೋಟೋ ತಲೆಕೆಳಗಾಗಿ ಅಚ್ಚಾಗಿತ್ತು. ತಲೆಕೆಳಗು ಮಾಡಿದ್ದು ಯಾರೆಂದು ಮಧ್ಯಾಹ್ನವಿಡೀ ಬಾಗಿಲು ಹಾಕಿಕೊಂಡು ಚರ್ಚಿಸಿದೆವು. ಚರ್ಚೆಯ ಭರದಲ್ಲಿ ತಿದ್ದುಪಡಿಯ ಜತೆ ಮಾರನೆಯ ದಿನ ಅದೇ ಫೋಟೋ ಅದೇ ಭಂಗಿಯಲ್ಲಿ ಮತ್ತೆ ಹೋಯಿತು. ನಮ್ಮಲ್ಲಿ ಒಬ್ಬ ತಪ್ಪಕ್ಕ ಇರಲಿಲ್ಲ, ಅಷ್ಟೇ.

ತಪ್ಪಕ್ಕ ಕೇಳಿದವರಿಗೆಲ್ಲ ತಲೆ ಕೊಡುತ್ತಾರೆ ಎಂದುಕೊಂಡರೆ ಮೋಸ ಹೋಗುತ್ತೀರಿ. ಅವರಿಗೂ ಅವರದೇ ಆದ ಕಟ್ಟುನಿಟ್ಟು ಇದೆ. ಕಳವಾದರೆ ಒಪ್ಪಿಕೊಳ್ಳುವುದಿಲ್ಲ. ಯಾರಿಗಾದರೂ ಗಾಯವಾದರೆ ಒಪ್ಪಿಕೊಳ್ಳುವುದಿಲ್ಲ. ಒಮ್ಮೆ ರೋಲರಿನ ಮುಂದಿನ ತಡೆ ಕಳಚಿಬಿದ್ದು ಒಬ್ಬಾಕೆಯ ಬೆರಳು ಸುಟ್ಟಿತು. ಸಭೆ ಸೇರಿತು. ಎಲ್ಲರೂ ಅಭ್ಯಾಸಬಲದಿಂದ ತಪ್ಪಕ್ಕನ ಮುಖ ನೋಡಿದರು. "ಇದು ನಂದಲ್ಲ," ಎಂದು ಅವರು ಮತ್ತೆ ಬಟ್ಟೆ ಕೊಡವತೊಡಗಿದರು. ಎರಡು ದಿನ ಸಭೆ ನಡೆದು, ತಡೆಯನ್ನು ರಿಪೇರಿ ಮಾಡಿಸದೆ ಬೇರೆ ದಾರಿಯೇ ಉಳಿಯಲಿಲ್ಲ. ಆ ತಡೆ ಈಗ ಗಟ್ಟಿಯಾಗಿದೆ, ನಾನೇ ಅಲ್ಲಾಡಿಸಿ ನೋಡಿದ್ದೇನೆ.

"ಆದರೂ ಅಕ್ಕ," ಎಂದು ನಾನು ಕೆಣಕುತ್ತೇನೆ, "ನೀವು ಹೀಗೆ ಅಡ್ಡ ನಿಂತರೆ ನಿಜವಾದ ಕಾರಣ ಮುಚ್ಚಿಹೋಗಲ್ವಾ?"

ಅವರು ಒಂದು ಬೆಡ್‌ಶೀಟನ್ನು ಫಟ್ಟೆಂದು ಕೊಡವುತ್ತಾರೆ. ಧೂಳು ನನ್ನ ಮೂಗಿಗೆ. "ಬೈಯೋರು ಇರೋವರೆಗೂ ಯಾರು ಬಾಯಿ ಬಿಡ್ತಾರೆ ಹೇಳಿ? ಬೈದು ಮುಗೀಲಿ. ಟೀ ಹೊತ್ತಿಗೆ ಅವರೇ ಪಕ್ಕಕ್ಕೆ ಬಂದು, ಅಕ್ಕ ನಾನು ಚೀಟಿ ಅದಲುಬದಲು ಕಟ್ಟಿಬಿಟ್ಟೆ ಅಂತಾರೆ. ಸರಿ, ನಾಳೆಯಿಂದ ಎರಡು ಬಣ್ಣದ ಚೀಟಿ ಇಟ್ಕೋ ಅಂತೀನಿ. ಮುಗೀತಲ್ಲ." ಇನ್ನೊಂದು ಬೆಡ್‌ಶೀಟು ಎತ್ತಿಕೊಳ್ಳುತ್ತ ತಾವೇ ಸೇರಿಸುತ್ತಾರೆ, "ಕೆಲವರು ಹೇಳೋದೇ ಇಲ್ಲ. ಅದೂ ಇದೆ. ಅವರು ಆರಾಮಾಗಿ ಮತ್ತೆ ಅದೇ ಮಾಡ್ತಾರೆ. ನಾನೇನು ದೇವರಾ?"

ಇಷ್ಟೆಲ್ಲ ಕೇಳಿದ ಮೇಲೆ ಗಂಡನನ್ನು ಮಾತಾಡಿಸದೆ ಬರಲು ಮನಸ್ಸಾಗುವುದಿಲ್ಲ. ಟೈಲರ್ ಯಜಮಾನರು ತೆಳ್ಳಗಿನ ಮನುಷ್ಯ, ಕೊರಳಲ್ಲಿ ಅಳತೆಯ ಪಟ್ಟಿ, ಹಣೆಯ ಮೇಲೆ ಕನ್ನಡಕ. ನಿಮ್ಮ ಹೆಂಡತಿ ಎಷ್ಟು ದೊಡ್ಡ ಮನಸ್ಸಿನವರು ಎಂದು ಹೇಳುತ್ತಿದ್ದಂತೆ ಅವರು ಹೊಲಿಗೆ ಮಷೀನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾರೆ.

"ಯಾರು, ನಮ್ಮನೆಯವಳಾ? ಮೂವತ್ತು ವರ್ಷದ ಮೇಲಾಯ್ತು ಮದುವೆಯಾಗಿ. ಮನೇಲಿ ಇವಳದ್ದು ಅಂತ ಒಂದು ತಪ್ಪೂ ನಡೆದಿಲ್ಲ ಸ್ವಾಮಿ. ಹಾಲು ಉಕ್ಕಿದ್ರೆ ಒಲೆದು ತಪ್ಪು. ಒಲೆ ಸರಿ ಇದ್ರೆ ನಂದು ತಪ್ಪು. ಅಲ್ಲಿ ಎಲ್ಲ ಖರ್ಚು ಮಾಡಿ ಬರ್ತಾಳೋ ಏನೋ, ಮನೆಗೆ ಏನೂ ಉಳಿಯಲ್ಲ."

ಯಜಮಾನರು ತಾವೂ ತಪ್ಪು ಒಪ್ಪಿಕೊಳ್ಳುವ ಪೈಕಿ ಅಲ್ಲ ಎಂಬುದು ಬೇಗನೆ ತಿಳಿಯುತ್ತದೆ. ಅಂಗಡಿಗೆ ಬಂದ ಗಿರಾಕಿಯೊಬ್ಬರು ಪ್ಯಾಂಟಿನ ಒಂದು ಕಾಲು ಗಿಡ್ಡವಾಗಿದೆ ಎಂದರೆ, ಯಜಮಾನರು ಗಂಭೀರವಾಗಿ ಆ ಗಿರಾಕಿಯ ಕಾಲುಗಳನ್ನೇ ಅಳೆಯಲು ಶುರುಮಾಡುತ್ತಾರೆ.

ಇಷ್ಟು ಸರಕು ಹೊತ್ತುಕೊಂಡು ನಾನು ಲೇಖನ ಬರೆದುಬಿಡಬಹುದಿತ್ತು. ಫೋಟೋ ಬೇಕಿತ್ತೆಂದು ಮತ್ತೊಂದು ಬೆಳಿಗ್ಗೆ ಲಾಂಡ್ರಿಗೆ ಹೋದೆ. ನಿಜವಾದ ಕಥೆಯನ್ನು ಕಣ್ಣಾರೆ ಕಂಡಿದ್ದು ಆ ದಿನವೇ.

ಒಳಗೆ ಕಾಲಿಟ್ಟಾಗ ಯಾರ ಮುಖದಲ್ಲೂ ನಗುವಿಲ್ಲ. ಹಗ್ಗಗಳ ಮೇಲೆ, ಗಾಡಿಗಳಲ್ಲಿ, ಮೇಜಿನ ಮೇಲೆ, ಎಲ್ಲೆಲ್ಲೂ ಗುಲಾಬಿ ಬಣ್ಣ. ಆಸ್ಪತ್ರೆಯ ಬಿಳಿ ಬೆಡ್‌ಶೀಟುಗಳು ದೊಡ್ಡ ಮಷೀನಿಗೆ ಹೋಗಿ ನವವಧುಗಳಂತೆ ನಾಚಿಕೊಂಡು ಹೊರಬಂದಿವೆ. ಎರಡು ಸಲ ಬ್ಲೀಚು ಹಾಕಿ ಒಗೆದರೂ ನಾಚಿಕೆ ಬಿಟ್ಟಿಲ್ಲ. ಮೊದಲೇ ಆಸ್ಪತ್ರೆಯವರು ಗುತ್ತಿಗೆಯನ್ನು ಬೇರೆಯವರಿಗೆ ಕೊಡುವ ಯೋಚನೆಯಲ್ಲಿದ್ದರಂತೆ. ಈ ಸಲ ಕಾರಣ ಸಭೆ ನಡೆಸಲು ಹೆಡ್ಡಾಫೀಸಿನಿಂದಲೇ ಅಧಿಕಾರಿಯೊಬ್ಬರು ಬಂದಿದ್ದಾರೆ. ಮಾತು ಕಡಿಮೆ, ಪೆನ್ನು ಚುರುಕು ಎನ್ನುವಂಥ ಹೆಣ್ಣುಮಗಳು. ಮ್ಯಾನೇಜರ್ ತೂಕದ ಕಟ್ಟೆಯನ್ನು ಆಕೆಗೆ ಬಿಟ್ಟುಕೊಟ್ಟಿದ್ದಾರೆ. ಆಕೆ ಹಿಂತಿರುಗಿ ಮುಳ್ಳನ್ನು ನೋಡಿ, ಕೆಳಗೇ ನಿಂತುಕೊಂಡರು.

ಮಷೀನಿಗೆ ಬಟ್ಟೆ ತುಂಬಿದವರು ಹೊಸ ಆಪರೇಟರ್. ನಡುವಯಸ್ಸಿನ ಮನುಷ್ಯ. ಮೊದಲಿದ್ದ ಕಾರ್ಖಾನೆ ಮುಚ್ಚಿ, ಬಹಳ ಕಾಲ ಮನೆಯಲ್ಲಿ ಕೂತು, ಈಗಷ್ಟೇ ಇಲ್ಲಿ ಸೇರಿದ್ದಾರೆ. ಕೆಲಸ ಇನ್ನೂ ಖಾಯಂ ಆಗಿಲ್ಲ. ತುಂಬುವ ಮುನ್ನ ನೋಡಿಕೊಳ್ಳಬೇಕಾದ್ದು ಆಪರೇಟರ್, ಹಾಗಾಗಿ ಹೊಣೆ ಅವರದೇ, ಅವರನ್ನು ಸಂಜೆಯೊಳಗೆ ಮನೆಗೆ ಕಳಿಸುವುದು ಎಂದು ಅಧಿಕಾರಿ ಬರೆದುಕೊಳ್ಳುತ್ತಿದ್ದಾರೆ. ಆಪರೇಟರ್ ಕೈಲಿರುವ ಒರೆಸುವ ಬಟ್ಟೆಯನ್ನು ಮಡಚುತ್ತಾರೆ, ಬಿಚ್ಚುತ್ತಾರೆ, ಮತ್ತೆ ಮಡಚುತ್ತಾರೆ. ನೋಡಲಾಗದೆ ನಾನು ಮುಖ ತಿರುಗಿಸಿದೆ.

"ಮೇಡಂ, ತಪ್ಪು ನಂದು," ಎಂಬ ದನಿ ಬಂತು.

ಈ ಸಲ ಯಾರೂ ಉಸಿರು ಬಿಡಲಿಲ್ಲ. ನಕ್ಕುಬಿಟ್ಟರು. ದುಗುಡದ ನಡುವೆಯೂ ತಡೆಯಲಾಗದೆ ನಕ್ಕರು. ಮ್ಯಾನೇಜರ್ ಅಧಿಕಾರಿಯ ಕಿವಿಯಲ್ಲಿ ಪಿಸುಗುಟ್ಟಿದ್ದು ನನಗೂ ಕೇಳಿಸಿತು: "ಆಕೆ ಎಲ್ಲದಕ್ಕೂ ಹಾಗೇ ಅಂತಾರೆ ಮೇಡಂ. ಲೆಕ್ಕಕ್ಕೆ ತಗೋಬೇಡಿ. ಒಳ್ಳೆ ಹೆಂಗಸು."

"ಇಲ್ಲ ಸಾರ್, ಈ ಸಲ ನಿಜವಾಗ್ಲೂ ನಾನೇ!" ತಪ್ಪಕ್ಕನ ಮುಖ ಕೆಂಪಾಗಿದೆ. ನಡೆದದ್ದನ್ನು ಒಂದೇ ಉಸಿರಲ್ಲಿ ಹೇಳಿದರು. ಆಸ್ಪತ್ರೆಯ ಬಟ್ಟೆಗಳು ದೊಡ್ಡ ಚೀಲಗಳಲ್ಲಿ ಬರುತ್ತವೆ. ಚೀಲದ ಬಾಯಿಗೆ ಕೆಂಪು ದಾರ ಕಟ್ಟಿರುತ್ತದೆ; ಮಷೀನಿನ ಮುಂದೆ ಅದನ್ನು ಸಡಿಲಿಸಿ, ದಾರ ಚೀಲ ಸಮೇತ ಒಳಗೆ ಹಾಕುತ್ತಾರೆ. ಆ ದಾರ ಬಣ್ಣ ಬಿಡುವಂಥದ್ದಲ್ಲ. ನಿನ್ನೆ ಒಂದು ಚೀಲದ ದಾರ ಹರಿದುಹೋಗಿತ್ತು. ಸೊಂಟ ನೋವಿಗೆಂದು ಸುತ್ತಿಕೊಂಡಿದ್ದ ತಮ್ಮ ಕೆಂಪು ಶಾಲನ್ನೇ ಬಿಚ್ಚಿ ತಪ್ಪಕ್ಕ ಚೀಲದ ಬಾಯಿ ಕಟ್ಟಿದರು. ಬೇರೆ ದಾರ ತಂದು ಬದಲಿಸೋಣ ಎಂದುಕೊಂಡರು. ಟೀ ಬಂತು. ಮರೆತರು. ಆಪರೇಟರ್ ಕೆಂಪಗಿರುವುದನ್ನು ಕಂಡು ದಾರ ಎಂದೇ ತಿಳಿದು ಸಡಿಲಿಸಿ ಒಳಗೆ ತಳ್ಳಿದರು. ಬೆಳಿಗ್ಗೆ ಮಷೀನಿನ ಜಾಲರಿಯಲ್ಲಿ ಸಿಕ್ಕ ಶಾಲಿನ ಚಿಂದಿಯನ್ನು ತಪ್ಪಕ್ಕ ಎತ್ತಿ ತೋರಿಸಿದರು. ಬಣ್ಣವೆಲ್ಲ ದಾನ ಮಾಡಿ ಅದು ಈಗ ಮಾಸಲು ಬಿಳಿಯಾಗಿತ್ತು.

ಅಧಿಕಾರಿ ಅದನ್ನು ನೋಡಿದರು, ಆಮೇಲೆ ಸುತ್ತ ನೋಡಿದರು. ಅಲ್ಲಿದ್ದ ಅರ್ಧ ಜನರ ಹೆಗಲ ಮೇಲೆ, ಸೊಂಟದಲ್ಲಿ, ತಲೆಯ ಮೇಲೆ ಅಂಥದ್ದೇ ಕೆಂಪು ಶಾಲು. ಕಳೆದ ವರ್ಷ ಕಂಪನಿಯೇ ಎಲ್ಲರಿಗೂ ಉಡುಗೊರೆ ಕೊಟ್ಟಿದ್ದು. ಒಂದೇ ಬಣ್ಣ, ಒಂದೇ ಅಳತೆ. ಆಪರೇಟರಿಗೆ ಮಾತ್ರ ಹಳಬರೊಬ್ಬರು ತಮ್ಮ ಶಾಲು ಕೊಟ್ಟಿದ್ದರಂತೆ, ಅದೂ ಎರಡು ದಿನದಿಂದ ಕಾಣುತ್ತಿಲ್ಲ ಎಂದು ಯಾರೋ ನೆನಪಿಸಿದರು. ಬೇಕಿತ್ತೇ ಈ ನೆನಪು!

"ಅಂದ ಹಾಗೆ, ಇಂಥ ಬಣ್ಣ ಬಿಡೋ ಶಾಲು ಕೊಂಡಿದ್ದು ಯಾರು?" ಎಂದು ಬಾಯ್ಲರ್ ತಾತ ಮೂಲೆಯಿಂದ ಕೇಳಿದರು. ಹೆಡ್ಡಾಫೀಸಿನ ಪೆನ್ನು ಅದನ್ನು ಬರೆದುಕೊಳ್ಳಲಿಲ್ಲ.

"ಹೋದ ವಾರ ನಮ್ಮ ಹೆಡ್ಡಾಫೀಸಿನ ಲಿಫ್ಟು ಕೆಟ್ಟುಹೋಗಿತ್ತು," ಎಂದರು ಅಧಿಕಾರಿ, ತಪ್ಪಕ್ಕನನ್ನೇ ನೋಡುತ್ತ. "ಅದೂ ನೀವೇನಾ?"

"ಹೌ..." ಎಂದು ತಪ್ಪಕ್ಕನ ಬಾಯಿ ಅದರಷ್ಟಕ್ಕೆ ತೆರೆದುಕೊಂಡಿತು. ಅಭ್ಯಾಸ ನೋಡಿ. ಅಂಗೈಯಿಂದ ಬಾಯಿ ಮುಚ್ಚಿಕೊಂಡರು, ಆದರೆ ಅಷ್ಟೇ ಸಾಕಾಗಿತ್ತು. ಅಧಿಕಾರಿ ಕರುಣೆಯಿಂದ ತಲೆಯಾಡಿಸಿ ಬರೆಯುವುದನ್ನು ಮುಂದುವರಿಸಿದರು.

ಎಲ್ಲಕ್ಕಿಂತ ಹೆಚ್ಚಾಗಿ ತಪ್ಪಕ್ಕನನ್ನು ಕೆರಳಿಸಿದ್ದು ಆಪರೇಟರ್. ಆತ ಹತ್ತಿರ ಬಂದು ಕೈಮುಗಿದರು. "ನನಗೋಸ್ಕರ ಸುಳ್ಳು ಹೇಳ್ಬೇಡಿ ಅಕ್ಕ. ನಿಮ್ಮ ಒಳ್ಳೆತನ ಮರೆಯಲ್ಲ."

"ಸುಳ್ಳಲ್ಲ ಕಣಪ್ಪಾ!" ತಪ್ಪಕ್ಕ ಬಹುತೇಕ ಕಿರುಚಿದರು. "ಇಷ್ಟು ವರ್ಷ ಸುಳ್ಳು ಹೇಳಿದೆ, ಎಲ್ಲರೂ ನಂಬಿದ್ರಿ. ಇವತ್ತು ನಿಜ ಹೇಳ್ತಿದೀನಿ, ಒಬ್ಬರೂ ನಂಬ್ತಿಲ್ವಲ್ಲ!" ಹಾಗೆನ್ನುತ್ತಲೇ ಅವರ ಕಣ್ಣಲ್ಲಿ ನೀರು ಬಂತು. ಅಲ್ಲಿಯವರೆಗೆ ತಮಾಷೆ ಎಂದುಕೊಂಡಿದ್ದ ನಾನೂ ಕ್ಯಾಮೆರಾ ಕೆಳಗಿಳಿಸಿದೆ. ತನ್ನದಲ್ಲದ ತಪ್ಪುಗಳನ್ನೆಲ್ಲ ಇಷ್ಟು ಸಲೀಸಾಗಿ ಹೊತ್ತವರಿಗೆ, ತನ್ನ ತಪ್ಪಿಗೆ ಇನ್ನೊಬ್ಬ ಮನೆಗೆ ಹೋಗುವುದನ್ನು ನೋಡುತ್ತ ನಿಲ್ಲುವುದು ಸಾಧ್ಯವಿರಲಿಲ್ಲ.

ಕೈಯಲ್ಲಿದ್ದ ಚಿಂದಿಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ ತಪ್ಪಕ್ಕ ತಟ್ಟನೆ ನಿಂತರು. ಅಂಚಿನಲ್ಲಿ ಒಂದು ಗೇಣಿನಷ್ಟು ಹೊಲಿಗೆ ಉಳಿದಿತ್ತು. ಕಂಪನಿ ಕೊಟ್ಟ ಶಾಲುಗಳ ಅಂಚಿಗೆ ಹೊಲಿಗೆಯೇ ಇರಲಿಲ್ಲ, ನೂಲು ಬಿಟ್ಟುಕೊಳ್ಳುತ್ತಿದ್ದವು. ತಪ್ಪಕ್ಕ ತಮ್ಮದನ್ನು ಗಂಡನಿಗೆ ಕೊಟ್ಟು ಅಂಚು ಹೊಲಿಸಿದ್ದರು. "ಮೇಡಂ, ಒಂದು ಹತ್ತು ನಿಮಿಷ ಟೈಮ್ ಕೊಡಿ. ಇದನ್ನ ಹೊಲಿದವರನ್ನ ಕರೆಸ್ತೀನಿ."

ವ್ಯಾನ್ ಡ್ರೈವರ್ ಹೋಗಿ ಟೈಲರ್ ಯಜಮಾನರನ್ನು ಅಳತೆಪಟ್ಟಿಯ ಸಮೇತ ಕೂರಿಸಿಕೊಂಡು ಬಂದ. ಸಭೆ ನೋಡಲೆಂದು ಮುಂದಕ್ಕೆ ಬಾಗಿ ನಿಂತಿತು. ಚಿಂದಿಯನ್ನು ಅವರ ಕೈಗಿಟ್ಟು ಅಧಿಕಾರಿ ಕೇಳಿದರು: "ಈ ಹೊಲಿಗೆ ನಿಮ್ಮದಾ?"

ಯಜಮಾನರು ಕನ್ನಡಕ ಹಣೆಯಿಂದ ಮೂಗಿಗಿಳಿಸಿ ನೋಡಿದರು. ಹೊಲಿಗೆ ಕುಡಿದವನು ನಡೆದಂತೆ ಹೋಗಿತ್ತು. ಒಂದು ಕಡೆ ಅಂಚಿನಲ್ಲಿ, ಇನ್ನೊಂದು ಕಡೆ ಬಟ್ಟೆಯ ನಡುವೆ, ಕೊನೆಯಲ್ಲಿ ಗಂಟು.

"ಛೆ ಛೆ," ಎಂದರು ಯಜಮಾನರು. "ಇದು ನನ್ನ ಕೈ ಹೊಲಿಗೆಯೇ ಅಲ್ಲ. ಇಷ್ಟು ಸೊಟ್ಟಕ್ಕೆ ನಾನು ಕಣ್ಣು ಮುಚ್ಕೊಂಡೂ ಹೊಲಿಯಲ್ಲ."

ತಪ್ಪಕ್ಕ ಚಿಂದಿಯನ್ನು ಗಂಡನ ಮೂಗಿಗೆ ಹಿಡಿದರು. "ರೀ! ಇದೇ ಹೊಲಿಗೆಗೆ ತಾನೇ ನಾವು ಮೂರು ದಿನ ಮಾತು ಬಿಟ್ಟಿದ್ದು?"

"ಅದು ಬೇರೆ ವಿಷಯ."

"ಏನು ಬೇರೆ? ಸೊಟ್ಟ ಆಗಿದೆ ಅಂದೆ, ಬಟ್ಟೆನೇ ಸೊಟ್ಟ ಇದೆ ಅಂದ್ರಿ."

"ಬಟ್ಟೆ ಸೊಟ್ಟಾನೇ ಇತ್ತು!" ಎಂದು ಯಜಮಾನರು ಗುಡುಗಿದರು. ಗುಡುಗಿದ ಮೇಲೆ ಸುತ್ತ ನೆರೆದ ಮುಖಗಳನ್ನು ಕಂಡು ಅಳತೆಪಟ್ಟಿಯನ್ನು ಬೆರಳಿಗೆ ಸುತ್ತತೊಡಗಿದರು. ಅವರ ಅಂಗಡಿಯ ಗಿರಾಕಿಗಳೇ ಅಲ್ಲಿ ಅರ್ಧ ಜನ. ಇಷ್ಟು ಜನರೆದುರು ಈ ಹೊಲಿಗೆ ನನ್ನದೆಂದರೆ ನಾಳೆ ಪ್ಯಾಂಟು ತರುವವರು ಯಾರು?

ತಪ್ಪಕ್ಕ ಗಂಡನ ಹತ್ತಿರ ಹೋಗಿ ದನಿ ತಗ್ಗಿಸಿದರು. "ಆ ಮನುಷ್ಯನ ಕೆಲಸ ಹೋಗ್ತಿದೆ ಕಣ್ರೀ. ನನ್ನಿಂದ." ಅಷ್ಟೇ ಹೇಳಿದ್ದು.

ಯಜಮಾನರು ಆಪರೇಟರ್ ಕಡೆ ನೋಡಿದರು. ಒರೆಸುವ ಬಟ್ಟೆಯನ್ನು ಮಡಚುತ್ತ ಬಿಚ್ಚುತ್ತ ನಿಂತ ಕೈಗಳನ್ನು ನೋಡಿದರು. ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಇನ್ನೊಮ್ಮೆ ತೆಗೆದರು. ಗಂಟಲು ಸರಿಮಾಡಿಕೊಂಡು, ಯಾರ ಮುಖವನ್ನೂ ನೋಡದೆ ಹೇಳಿದರು: "ಹೊಲಿಗೆ ನಂದೇ. ಆವತ್ತು ಕನ್ನಡಕ ಮನೇಲಿ ಬಿಟ್ಟು ಬಂದಿದ್ದೆ. ಸೊಟ್ಟ ಆಗಿದೆ. ತುಂಬಾನೇ ಸೊಟ್ಟ ಆಗಿದೆ. ಬಟ್ಟೆ ನೆಟ್ಟಗೇ ಇತ್ತು."

ತಪ್ಪಕ್ಕ ಗಂಡನನ್ನು ನೋಡುತ್ತಿದ್ದ ರೀತಿಯನ್ನು ನಾನು ಬಣ್ಣಿಸಲಾರೆ. ಮದುವೆಯ ದಿನವೂ ಆಕೆ ಹಾಗೆ ನೋಡಿರಲಿಕ್ಕಿಲ್ಲ. ಅಧಿಕಾರಿ ಬರೆದದ್ದನ್ನು ಹೊಡೆದುಹಾಕಿ ಹೊಸ ಹಾಳೆ ತೆಗೆದರು. ಶಾಲು ಖರೀದಿಯ ಮಾತು ಮತ್ತೆ ಏಳುವ ಮುನ್ನ ಬೇಗ ಮುಗಿಸುವ ಅವಸರ ಆಕೆಗೂ ಇದ್ದಂತೆ ಕಂಡಿತು. ಆಪರೇಟರ್ ಕೆಲಸದಲ್ಲಿ ಉಳಿದರು. ತಪ್ಪಕ್ಕನಿಗೆ ಎಚ್ಚರಿಕೆಯ ಪತ್ರ, ಒಂದು ತಿಂಗಳು ರೋಲರಿನ ಮುಂದೆ ಬೇಯುವ ಶಿಕ್ಷೆ. ನಾನು ಹೊರಡುವಾಗ ದಂಪತಿ ಬಾಗಿಲ ಬಳಿ ಜಗಳವಾಡುತ್ತಿದ್ದರು. ಚೀಲ ಕಟ್ಟಲು ಶಾಲೇ ಬೇಕಿತ್ತಾ ಎಂದು ಯಜಮಾನರು ಕೇಳುತ್ತಿದ್ದರು. "ದಾರ ಹರಿದಿತ್ತು ಕಣ್ರೀ, ದಾರದ್ದು ತಪ್ಪು," ಎನ್ನುತ್ತಿದ್ದರು ತಪ್ಪಕ್ಕ.

ಮೂರನೆಯ ಸಲ ನಾನು ಹೋಗಿದ್ದು ಆ ಶಿಕ್ಷೆಯ ತಿಂಗಳಲ್ಲೇ, ಲೇಖನಕ್ಕೊಂದು ಮುಕ್ತಾಯ ಹುಡುಕಿಕೊಂಡು. ಲಾಂಡ್ರಿಯಲ್ಲಿ ಹಬ್ಬದ ಕಳೆ. ಗುಲಾಬಿ ಬೆಡ್‌ಶೀಟುಗಳನ್ನು ಬೇರೆ ದಾರಿಯಿಲ್ಲದೆ ಆಸ್ಪತ್ರೆಯ ಒಂದು ವಾರ್ಡಿಗೆ ಹಾಸಿದ್ದರಂತೆ. ಮೊದಲು ಬೇರೆ ವಾರ್ಡಿನವರು ಸದಾ ಈ ವಾರ್ಡಿನ ಬೆಡ್‌ಶೀಟು ಎತ್ತಿಕೊಂಡು ಹೋಗುತ್ತಿದ್ದರು. ಈಗ ಎತ್ತಿದರೆ ಬಣ್ಣದಿಂದಲೇ ಸಿಕ್ಕಿಬೀಳುತ್ತಾರೆ. ಒಂದೂ ಕಳೆದಿಲ್ಲ. ಹಿರಿಯ ನರ್ಸಮ್ಮ ಸ್ವತಃ ಫೋನ್ ಮಾಡಿ, ಪ್ರತಿ ವಾರ್ಡಿಗೂ ಒಂದೊಂದು ಬಣ್ಣ ಮಾಡಿಕೊಡಿ ಎಂದಿದ್ದಾರೆ. ಗುತ್ತಿಗೆ ಗಟ್ಟಿಯಾಗಿದೆ. ಹೆಡ್ಡಾಫೀಸಿನಿಂದ ಅಭಿನಂದನೆ ಬಂದಿದೆ, ಜತೆಗೆ ಒಂದು ಪ್ರಶ್ನೆ: ಇದು ಯಾರ ಯೋಚನೆ?

ಸಭೆ ಸೇರಿತು. ಇಂಥ ಸಭೆಯನ್ನು ಈ ಕಟ್ಟಡ ಕಂಡಿರಲಿಲ್ಲ, ಏಕೆಂದರೆ ಬೆರಳುಗಳೆಲ್ಲ ಈಗ ತಮ್ಮತ್ತಲೇ ತಿರುಗಿದ್ದವು. ಬಣ್ಣದ ಬೆಡ್‌ಶೀಟಿನ ಮಾತನ್ನು ತಾನು ಹಿಂದೆಯೇ ಎತ್ತಿದ್ದೆ ಎಂದು ಚೀಟಿಯವಳು ಹೇಳಿದಳು. ಅಂದು ಟೀ ಸರಿಯಾದ ಹೊತ್ತಿಗೆ ಬಂದದ್ದು ತನ್ನಿಂದ ಎಂದು ಕ್ಯಾಂಟೀನಿನವರು ನೆನಪಿಸಿದರು. ಬಾಯ್ಲರಿನ ಹದವಾದ ಬಿಸಿಯಿಲ್ಲದೆ ಬಣ್ಣ ಅಷ್ಟು ಸಮನಾಗಿ ಹಿಡಿಯುತ್ತಿರಲಿಲ್ಲ ಎಂದು ತಾತ. ಸುದ್ದಿ ತಿಳಿದು ಅಂಗಡಿ ಮುಚ್ಚಿ ಬಂದಿದ್ದ ಟೈಲರ್ ಯಜಮಾನರು ಎಲ್ಲರ ಹಿಂದೆ ನಿಂತು, "ಹೊಲಿಗೆ ಬೇಕಂತಲೇ ಸೊಟ್ಟ ಹಾಕಿದ್ದು," ಎಂದು ನನ್ನ ಕಿವಿಯಲ್ಲಿ ಹೇಳಿದರು.

"ಒಟ್ಟಿನಲ್ಲಿ," ಎಂದು ಮ್ಯಾನೇಜರ್ ಮುಗುಳ್ನಕ್ಕರು, "ಇದು ನಮ್ಮೆಲ್ಲರ ಒಗ್ಗಟ್ಟಿನ ಯೋಜನೆ ಅಂತ ಬರೀತೀನಿ. ಏನಂತೀರಾ?"

ಚಪ್ಪಾಳೆ ಬಿತ್ತು. ರೋಲರಿನ ಕಡೆಯಿಂದ ಬೆವರು ಒರೆಸಿಕೊಳ್ಳುತ್ತ ತಪ್ಪಕ್ಕ ಬಂದರು.

"ಆಗಲ್ಲ ಸಾರ್. ನಿಮ್ಮೆಲ್ಲರ ತಪ್ಪನ್ನೂ ಇಷ್ಟು ವರ್ಷ ನಂದು ಅಂದೆ, ಒಂದು ದಿನ ಬೇಜಾರು ಮಾಡ್ಕೊಂಡಿಲ್ಲ. ಮುಂದಕ್ಕೂ ಅಂತೀನಿ, ಬಿಡಿ. ಆದ್ರೆ ಈ ಲಾಂಡ್ರಿಗೆ ಬಂದಾಗಿಂದ ನಾನೇ ನನ್ನ ಕೈಯಾರೆ ಮಾಡಿದ ತಪ್ಪು ಅಂತ ಇರೋದು ಇದೊಂದೇ. ಇದ್ರಲ್ಲಿ ಯಾರಿಗೂ ಪಾಲು ಕೊಡಲ್ಲ."